ಮೊದಲ ಪಿಕ್ ಕೈಗೆ ಬಂತು, ಇನ್ನೇನು ಮಾಡುವುದು?

ಓದುಗರ ಪ್ರಶ್ನೆ, ಕ್ರೀಡಾ ವಿಭಾಗದ ಉತ್ತರ

ಈ ಸಲದ ಕಂತು ಪೂರ್ತಿ ಬಾಸ್ಕೆಟ್‌ಬಾಲ್ ಡ್ರಾಫ್ಟಿನ ಬಗ್ಗೆ. ನಮ್ಮ ಕರಾವಳಿಯಲ್ಲಿ ಊರ ಕ್ರಿಕೆಟ್ ಲೀಗಿನಿಂದ ಹಿಡಿದು ಎಲ್ಲದರಲ್ಲೂ ಆಟಗಾರರನ್ನು ಮಲ್ಪೆ ಬಂದರಿನ ಮೀನಿನ ಹಾಗೆ ಏಲಂ ಕೂಗಿ ಕೊಳ್ಳುವುದೇ ರೂಢಿ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಹೊಸ ಆಟಗಾರರಿಗೆ ಹಣ ಕೂಗುವ ಕ್ರಮ ಇಲ್ಲ. 30 ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರನ್ನು ಆರಿಸುತ್ತವೆ, ಇದೇ ಡ್ರಾಫ್ಟ್; ಮೊದಲ ಕೆಲವು ಸರದಿ ಯಾರಿಗೆಂದು ಹಿಂದುಳಿದ ತಂಡಗಳ ನಡುವೆ ಲಾಟರಿ ಎತ್ತುತ್ತಾರೆ. ಎರಡು ಸುತ್ತು, 60 ಪಿಕ್ (ಆರಿಸುವ ಸರದಿ). ಯಾವುದಾದರೂ ತಂಡದ ಪಿಕ್ಕನ್ನು ದಂಡವಾಗಿ ಕಿತ್ತುಕೊಂಡ ವರ್ಷ ಒಂದೆರಡು ಕಡಿಮೆ ಇರುತ್ತದೆ. ಬಂದ ಪ್ರಶ್ನೆಗಳಲ್ಲಿ ಒಂದೇ ಥರದ್ದನ್ನು ಸೇರಿಸಿ ಉತ್ತರಿಸಿದ್ದೇವೆ.

ಲಾಟರಿಯಲ್ಲಿ ಮೊದಲ ಮೂರರೊಳಗೆ ಪಿಕ್ ಸಿಕ್ಕಿದ ತಂಡಕ್ಕೆ ಆಟಗಾರನನ್ನು ಆರಿಸುವುದು ಬಿಟ್ಟು ಬೇರೆ ದಾರಿ ಉಂಟಾ? ಇದ್ದರೆ ಯಾವುದು ಲಾಭ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉಂಟು. ಆರಿಸಿ ಇಟ್ಟುಕೊಳ್ಳಬಹುದು. ಸ್ವಲ್ಪ ಕೆಳಗಿನ ಪಿಕ್ ತೆಗೆದುಕೊಂಡು ಜೊತೆಗೆ ಇನ್ನೇನಾದರೂ ವಸೂಲು ಮಾಡಬಹುದು. ನುರಿತ ಆಟಗಾರನಿಗೆ ಬದಲಾಗಿ ಪಿಕ್ಕನ್ನೇ ಕೊಟ್ಟುಬಿಡಬಹುದು. ಇಲ್ಲವೇ ಹುಡುಗನನ್ನು ಆರಿಸಿ, ಸಹಿ ಹಾಕಿಸಿ, ಆಮೇಲೆ ಅವನನ್ನು ಬೇರೆ ತಂಡಕ್ಕೆ ಕಳಿಸಬಹುದು. ಯಾವುದು ಲಾಭ ಎನ್ನುವುದಕ್ಕೆ ಮೊದಲು ನಿಮ್ಮ ತಂಡದ ಅತಿ ಒಳ್ಳೆಯ ಆಟಗಾರನಿಗೆ ಎಷ್ಟು ವಯಸ್ಸು ಎಂದು ನೋಡಿ. ಅವನಿಗೆ 22 ಆಗಿದ್ದರೆ 19ರ ಹುಡುಗನನ್ನು ಬೆಳೆಸಲು ಸಮಯ ಉಂಟು. ಅವನಿಗೆ 31 ಆಗಿದ್ದರೆ ಈ ಹುಡುಗ ಹಣ್ಣಾಗುವಷ್ಟರಲ್ಲಿ ಅವನ ಆಟ ಮುಗಿದಿರುತ್ತದೆ.

ಇಟ್ಟುಕೊಳ್ಳುವುದೇ ಸಾಮಾನ್ಯ ದಾರಿ, ಅದಕ್ಕೆ ಕಾರಣವೂ ಇದೆ. ದೊಡ್ಡ ಆಟಗಾರರು ಕರಾರು ಮುಗಿದ ಮೇಲೆ ಸಣ್ಣ ನಗರದ ಸೋಲುವ ತಂಡಕ್ಕೆ ತಾವಾಗಿ ಬರುವುದು ಅಪರೂಪ. ಅಂಥ ತಂಡಕ್ಕೆ ದೊಡ್ಡ ಆಟಗಾರ ಸಿಗುವ ಬಾಗಿಲು ಡ್ರಾಫ್ಟ್ ಒಂದೇ. 2023ರಲ್ಲಿ ವಿಕ್ಟರ್ ವೆಂಬನ್ಯಾಮನಂಥ ಅಸಾಮಾನ್ಯ ಹುಡುಗ ಇದ್ದಾಗ, ಮೊದಲ ಪಿಕ್ ಕೈಲಿದ್ದ ಸ್ಯಾನ್ ಆಂಟೋನಿಯೊ ತಂಡಕ್ಕೆ ಯೋಚನೆ ಮಾಡಲು ಏನೂ ಇರಲಿಲ್ಲ.

ಕೆಳಗಿಳಿಯುವುದು ಜಾಣತನವಾಗುವುದು ಒಂದೇ ಸಂದರ್ಭದಲ್ಲಿ: ನಿಮಗೆ ಬೇಕಾದವನು ಕೆಳಗಿನ ಪಿಕ್‌ನಲ್ಲೂ ಸಿಗುತ್ತಾನೆ ಎಂಬ ಖಾತ್ರಿ ಇದ್ದಾಗ. 2017ರಲ್ಲಿ ಬಾಸ್ಟನ್ ಮೊದಲ ಪಿಕ್ಕನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು ಮೂರನೆಯದನ್ನೂ ಮುಂದಿನ ಒಂದು ಮೊದಲ ಸುತ್ತಿನ ಪಿಕ್ಕನ್ನೂ ಪಡೆಯಿತು. ಫಿಲಡೆಲ್ಫಿಯಾ ಮಾರ್ಕೆಲ್ ಫುಲ್ಟ್ಸ್‌ನನ್ನು ಆರಿಸಿತು. ಭುಜದ ತೊಂದರೆಯಿಂದ ಅವನು ಮೊದಲ ಸೀಸನ್‌ನಲ್ಲಿ ಆಡಿದ್ದು 14 ಪಂದ್ಯ. ಬಾಸ್ಟನ್‌ಗೆ ಮೂರನೆಯ ಪಿಕ್‌ನಲ್ಲಿ ಸಿಕ್ಕಿದವನು ಮುಂದೆ ತಾರೆಯಾದ ಜೇಸನ್ ಟೇಟಮ್. ಇದೇ ಬಾಸ್ಟನ್ 1980ರಲ್ಲೂ ಮೊದಲ ಪಿಕ್ ಬಿಟ್ಟುಕೊಟ್ಟಿತ್ತು. ಗೋಲ್ಡನ್ ಸ್ಟೇಟ್‌ಗೆ 1 ಮತ್ತು 13ನೇ ಪಿಕ್ ಕೊಟ್ಟು ರಾಬರ್ಟ್ ಪ್ಯಾರಿಶ್‌ನನ್ನೂ 3ನೇ ಪಿಕ್ಕನ್ನೂ ತೆಗೆದುಕೊಂಡಿತು, ಆ ಪಿಕ್‌ನಲ್ಲಿ ಕೆವಿನ್ ಮೆಕ್‌ಹೇಲ್ ಬಂದ. ಎರಡೂ ಸಲ ಇಳಿದದ್ದು ಮೂರಕ್ಕೇ ಎಂಬುದನ್ನು ಗಮನಿಸಿ. ಮೂವರ ಹೆಸರು ಬರೆದು, ಅವರಲ್ಲಿ ಯಾರು ಸಿಕ್ಕಿದರೂ ಸರಿ ಎಂದಾದರೆ ಮೂರಕ್ಕೆ ಇಳಿಯಬಹುದು. ಆ ಪಟ್ಟಿ ಇಟ್ಟುಕೊಂಡು ನಾಲ್ಕಕ್ಕೆ ಇಳಿದರೆ ಅದು ಜೂಜು.

ಇಳಿದವರೆಲ್ಲ ಗೆದ್ದರು ಅಂತಲೂ ಇಲ್ಲ. 2018ರಲ್ಲಿ ಅಟ್ಲಾಂಟಾ ಮೂರನೇ ಪಿಕ್‌ನಲ್ಲಿ ಲೂಕಾ ಡೊಂಚಿಚ್‌ನನ್ನು ಆರಿಸಿ ಡಲ್ಲಾಸ್‌ಗೆ ಕಳಿಸಿತು. ಬದಲಿಗೆ ಐದನೇ ಪಿಕ್‌ನ ಟ್ರೇ ಯಂಗ್ ಮತ್ತು 2019ರ ಒಂದು ಪಿಕ್ ಬಂತು. ಯಂಗ್ ಕೆಟ್ಟ ಆಟಗಾರನಲ್ಲ, 2021ರಲ್ಲಿ ಅಟ್ಲಾಂಟಾವನ್ನು ಕಾನ್ಫರೆನ್ಸ್ ಫೈನಲ್‌ವರೆಗೆ (ಲೀಗಿನ ಸೆಮಿಫೈನಲ್ ಇದ್ದ ಹಾಗೆ) ಕೊಂಡೊಯ್ದ. ಆದರೆ ಡೊಂಚಿಚ್ ಮಟ್ಟದವನನ್ನು ಬಿಟ್ಟುಕೊಟ್ಟ ಮೇಲೆ ಎರಡನೇ ದರ್ಜೆಯ ಎಷ್ಟು ಆಸ್ತಿ ಸೇರಿಸಿದರೂ ತಕ್ಕಡಿ ಸಮವಾಗುವುದಿಲ್ಲ. ಅಂಗಣದಲ್ಲಿ ಒಮ್ಮೆಗೆ ಇರುವವರು ಐವರೇ ಆದ್ದರಿಂದ ಈ ಆಟದಲ್ಲಿ ಒಬ್ಬ ಅಸಾಮಾನ್ಯನ ಬೆಲೆ ಇಬ್ಬರು ಒಳ್ಳೆಯವರ ಬೆಲೆಗಿಂತ ಹೆಚ್ಚು.

ನುರಿತವನಿಗೆ ಬದಲಿ ಕೊಡುವುದಕ್ಕೆ ಮಾದರಿ 2014ರ ಕ್ಲೀವ್‌ಲ್ಯಾಂಡ್. ಆ ವರ್ಷದ ಮೊದಲ ಪಿಕ್ ಆಂಡ್ರೂ ವಿಗಿನ್ಸ್, ಹಿಂದಿನ ವರ್ಷದ ಮೊದಲ ಪಿಕ್ ಆಂಟನಿ ಬೆನೆಟ್, ಇಬ್ಬರನ್ನೂ ಮಿನೆಸೋಟಕ್ಕೆ ಕಳಿಸಿ ಕೆವಿನ್ ಲವ್‌ನನ್ನು ತಂದಿತು. ಜುಲೈನಲ್ಲಿ ಲೆಬ್ರಾನ್ ಜೇಮ್ಸ್ ಮರಳಿ ಬಂದಿದ್ದ, ಕಾಯಲು ಪುರುಸೊತ್ತಿರಲಿಲ್ಲ. 2016ರಲ್ಲಿ ಪ್ರಶಸ್ತಿಯೂ ಬಂತು. ಇಲ್ಲೊಂದು ನಿಯಮ ತಿಳಿದಿರಬೇಕು: ಡ್ರಾಫ್ಟ್ ಆದ ಹುಡುಗ ಕರಾರಿಗೆ ಸಹಿ ಹಾಕಿದರೆ 30 ದಿನ ಅವನನ್ನು ಟ್ರೇಡ್ ಮಾಡುವಂತಿಲ್ಲ. ವಿಗಿನ್ಸ್ ಸಹಿ ಹಾಕಿದ್ದು ಜುಲೈ 24ರಂದು, ಟ್ರೇಡ್ ಅಧಿಕೃತವಾದದ್ದು ಆಗಸ್ಟ್ 23ರಂದು. ಹಾಗಾದರೆ ಸಹಿಗೆ ಮೊದಲೇ ಕಳಿಸಬಹುದಿತ್ತಲ್ಲ ಎಂದರೆ, ಸಹಿ ಹಾಕದವನ ಸಂಬಳ ಟ್ರೇಡ್ ಲೆಕ್ಕದಲ್ಲಿ ಸೊನ್ನೆ. ಎರಡೂ ಕಡೆಯ ಸಂಬಳ ಹೊಂದಾಣಿಕೆ ಆಗಬೇಕಾದ ಟ್ರೇಡ್‌ನಲ್ಲಿ ಸಹಿ ಹಾಕಿದ ಹುಡುಗನೇ ಉಪಯೋಗ.

ಈ ದಾರಿಯಲ್ಲಿ ಕೆಡುವುದು ಹೀಗೆ: ಕೊನೆಯ ಸ್ಥಾನದ ತಂಡ ಅವಸರಕ್ಕೆ ಬಿದ್ದು, ಕರಾರಿನಲ್ಲಿ ಒಂದೇ ವರ್ಷ ಉಳಿದಿರುವ ನುರಿತವನಿಗೆ ಪಿಕ್ ಕೊಡುತ್ತದೆ. ಅವನು ಬಂದು ತಂಡ ಹತ್ತು ಪಂದ್ಯ ಹೆಚ್ಚು ಗೆಲ್ಲುತ್ತದೆ, ವರ್ಷ ಮುಗಿದ ಮೇಲೆ ಅವನು ಬ್ಯಾಗು ಕಟ್ಟುತ್ತಾನೆ. ಪಿಕ್ಕೂ ಹೋಯಿತು, ಆಟಗಾರನೂ ಹೋದ.

ಮೊದಲ ಪಿಕ್ ಆದ ಹುಡುಗನಿಗೆ ಕೋಟಿಗಟ್ಟಲೆ ಡಾಲರ್ ಸಂಬಳ. ಆದರೂ ಅದನ್ನು "ಅಗ್ಗದ ಕರಾರು" ಅನ್ನುತ್ತಾರಲ್ಲ, ಇದು ಎಂತ ಲೆಕ್ಕ?
— ಬ್ಯಾಂಕ್ ಉದ್ಯೋಗಿ, ಬಿಜೈ

ಲೆಕ್ಕ ನಿಮಗೇ ಬೇಗ ಹಿಡಿಯುತ್ತದೆ. 2025–26ರ ಸೀಸನ್‌ಗೆ ಎನ್‌ಬಿಎ ತಂಡದ ಸ್ಯಾಲರಿ ಕ್ಯಾಪ್ (ಆಟಗಾರರ ಒಟ್ಟು ಸಂಬಳದ ಮಿತಿ) 15.46 ಕೋಟಿ ಡಾಲರ್. 2025ರ ಮೊದಲ ಪಿಕ್ ಕೂಪರ್ ಫ್ಲ್ಯಾಗ್‌ನ ಮೊದಲ ವರ್ಷದ ಸಂಬಳ ಸುಮಾರು 1.38 ಕೋಟಿ, ಅಂದರೆ ಕ್ಯಾಪಿನ ಶೇ. 9ರ ಹತ್ತಿರ. ಹತ್ತು ವರ್ಷ ಆಡಿದ ಆಟಗಾರನಿಗೆ ಗರಿಷ್ಠ ಕರಾರು ಕೊಡಬೇಕೆಂದರೆ ಮೊದಲ ವರ್ಷವೇ ಕ್ಯಾಪಿನ ಶೇ. 35, ಸುಮಾರು 5.41 ಕೋಟಿ. ಹುಡುಗ ಅರ್ಧ ಮಟ್ಟಕ್ಕೆ ಆಡಿದರೂ ತಂಡಕ್ಕೆ ಲಾಭವೇ.

ಮೊದಲು ಹೀಗಿರಲಿಲ್ಲ. 1994ರ ಮೊದಲ ಪಿಕ್ ಗ್ಲೆನ್ ರಾಬಿನ್ಸನ್ ಪಟ್ಟು ಹಿಡಿದು ಮಿಲ್ವಾಕಿಯಿಂದ ಹತ್ತು ವರ್ಷಕ್ಕೆ 6.8 ಕೋಟಿ ಡಾಲರ್ ಬರೆಸಿಕೊಂಡ. ಒಂದು ಪಂದ್ಯವನ್ನೂ ಆಡದವನಿಗೆ ಆ ಕಾಲದಲ್ಲಿ ಅಷ್ಟು ಹಣ. ಮಾರನೇ ವರ್ಷವೇ ರೂಕಿ ಸ್ಕೇಲ್ (ಹೊಸಬರ ಸಂಬಳದ ಪಟ್ಟಿ) ಬಂತು. ಈಗ ಮೊದಲ ಸುತ್ತಿನ ಪ್ರತಿ ಪಿಕ್‌ಗೂ ಪಟ್ಟಿಯಲ್ಲಿ ಒಂದು ಮೊತ್ತ ಇದೆ, ಅದರ ಶೇ. 80ರಿಂದ 120ರೊಳಗೆ ಕೊಡಬೇಕು. ಹೆಚ್ಚುಕಡಿಮೆ ಎಲ್ಲರೂ 120ಕ್ಕೇ ಸಹಿ ಹಾಕುತ್ತಾರೆ, ಚೌಕಾಸಿಗೆ ಜಾಗವೇ ಇಲ್ಲ.

ಕರಾರು ನಾಲ್ಕು ವರ್ಷದ್ದು. ಮೊದಲೆರಡು ವರ್ಷದ ಹಣ ಖಾತ್ರಿ, ಮೂರು ಮತ್ತು ನಾಲ್ಕನೆಯದು ತಂಡದ ಇಷ್ಟ. ಮೂರನೇ ವರ್ಷ ಬೇಕೋ ಬೇಡವೋ ಎಂದು ಹೇಳಬೇಕಾದ ಗಡುವು ಎರಡನೇ ಸೀಸನ್ ಶುರುವಾಗುವ ಹೊತ್ತಿನ ಅಕ್ಟೋಬರ್ 31. ಅಂದರೆ ಒಂದೇ ಸೀಸನ್ ನೋಡಿ ಎರಡು ವರ್ಷ ಮುಂದಿನದನ್ನು ನಿರ್ಧರಿಸಬೇಕು. ನಾಲ್ಕನೆಯದಕ್ಕೆ ಅದರ ಮುಂದಿನ ಅಕ್ಟೋಬರ್ 31. ಮೂರು ಸೀಸನ್ ಆದ ಮೇಲೆ ಕರಾರು ವಿಸ್ತರಿಸಬಹುದು. ವಿಸ್ತರಿಸದೆ ನಾಲ್ಕೂ ಮುಗಿದರೂ ಹಿಡಿತ ತಪ್ಪುವುದಿಲ್ಲ: ತಂಡ ನಿಯಮದಂತೆ ಕ್ವಾಲಿಫೈಯಿಂಗ್ ಆಫರ್ (ಒಂದು ವರ್ಷದ ಕರಾರಿನ ಪ್ರಸ್ತಾಪ) ಕೊಟ್ಟಿದ್ದರೆ, ಬೇರೆಯವರು ಎಷ್ಟೇ ಕೊಡಲು ಬಂದರೂ ಅಷ್ಟೇ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಅದಕ್ಕಿದೆ.

ಒಕ್ಲಹೋಮ ಸಿಟಿ 2025ರಲ್ಲಿ ಪ್ರಶಸ್ತಿ ಗೆದ್ದಾಗ ಚೆಟ್ ಹೋಮ್‌ಗ್ರೆನ್ (2022ರ 2ನೇ ಪಿಕ್) ಮತ್ತು ಜೇಲನ್ ವಿಲಿಯಮ್ಸ್ (ಅದೇ ವರ್ಷದ 12ನೇ ಪಿಕ್) ಇಬ್ಬರೂ ಈ ರೂಕಿ ಕರಾರಿನಲ್ಲೇ ಇದ್ದರು. ಉಳಿದ ಹಣದಲ್ಲಿ ತಂಡ ಬೆಂಚು ಕಟ್ಟಿತ್ತು. ಗೆದ್ದ ಬೇಸಿಗೆಯಲ್ಲೇ ಇಬ್ಬರ ದೊಡ್ಡ ಕರಾರಿಗೂ ಸಹಿ ಬಿತ್ತು. ಹೋಮ್‌ಗ್ರೆನ್ ಪಾದದ ಗಾಯದಿಂದ ಮೊದಲ ಸೀಸನ್ ಇಡೀ ಹೊರಗಿದ್ದ. ಕರಾರಿನ ಗಡಿಯಾರ ಗಾಯಕ್ಕೆಂದು ನಿಲ್ಲುವುದಿಲ್ಲ; ನಾಲ್ಕು ಅಗ್ಗದ ವರ್ಷಗಳಲ್ಲಿ ಒಂದು ಹಾಗೇ ಹೋಯಿತು.

ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದದ ಮೇಲೆ ಈ ಅಗ್ಗದ ವರ್ಷಗಳ ಬೆಲೆ ಇನ್ನೂ ಏರಿದೆ. ಸಂಬಳದ ಮೊತ್ತ "ಸೆಕೆಂಡ್ ಏಪ್ರನ್" ಎಂಬ ಗೆರೆ ದಾಟಿದರೆ (2025–26ಕ್ಕೆ 20.78 ಕೋಟಿ) ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವಂತಿಲ್ಲ, ಏಳು ವರ್ಷ ಆಚೆಯ ಮೊದಲ ಸುತ್ತಿನ ಪಿಕ್ಕನ್ನು ಮಾರುವಂತಿಲ್ಲ. ಇಬ್ಬರು ಮೂವರು ದುಬಾರಿ ಆಟಗಾರರನ್ನು ಸಾಕುವ ತಂಡ ಈ ಗೆರೆಯ ಕೆಳಗೆ ಉಳಿಯಬೇಕೆಂದರೆ ರೂಕಿ ಕರಾರಿನವರು ಆಡಲೇಬೇಕು.

ಒಂದು ತೊಡಕು. ಹುಡುಗ ಸಹಿ ಹಾಕುವ ಮೊದಲೇ ಅವನ ಪಟ್ಟಿ ಮೊತ್ತದ ಶೇ. 120 ತಂಡದ ಕ್ಯಾಪ್ ಲೆಕ್ಕಕ್ಕೆ ಬಿದ್ದಿರುತ್ತದೆ. ಕ್ಯಾಪಿನೊಳಗೆ ಜಾಗ ಮಾಡಿಕೊಂಡು ಹೊರಗಿನ ದೊಡ್ಡವನನ್ನು ಕರೆತರುವ ಯೋಜನೆ ಇದ್ದರೆ ಆ ಒಂದೂವರೆ ಕೋಟಿಯ ಹತ್ತಿರದ ಮೊತ್ತವೇ ಅಡ್ಡ ಬರಬಹುದು.

ಕೊನೆಯ ಸ್ಥಾನದವರಿಗೆ ಮೊದಲ ಪಿಕ್ ಅಲ್ಲವೇ? 2025ರಲ್ಲಿ ಡಲ್ಲಾಸ್‌ಗೆ ಹೇಗೆ ಸಿಕ್ಕಿತು? ಇದರಲ್ಲಿ ಏನೋ ಗೋಲ್‌ಮಾಲ್ ಅನಿಸುತ್ತದೆ.
— ದೈಹಿಕ ಶಿಕ್ಷಣ ಶಿಕ್ಷಕರು, ಕಾರ್ಕಳ

ಗೋಲ್‌ಮಾಲ್ ಬೇಕಿಲ್ಲ ಸರ್, ಲೆಕ್ಕವೇ ಹಾಗಿದೆ. 1ರಿಂದ 14ರವರೆಗೆ ಸಂಖ್ಯೆ ಬರೆದ ಪಿಂಗ್‌ಪಾಂಗ್ ಚೆಂಡುಗಳನ್ನು ಯಂತ್ರಕ್ಕೆ ಹಾಕುತ್ತಾರೆ. 20 ಸೆಕೆಂಡು ತಿರುಗಿಸಿ ಮೊದಲ ಚೆಂಡು, ಬಳಿಕ ಹತ್ತು ಹತ್ತು ಸೆಕೆಂಡಿಗೆ ಇನ್ನು ಮೂರು. ಬಂದ ಕ್ರಮ ಲೆಕ್ಕಕ್ಕಿಲ್ಲ, ನಾಲ್ಕು ಸಂಖ್ಯೆಗಳ ಗುಂಪು ಮಾತ್ರ. ಹಾಗೆ ಆಗಬಹುದಾದ ಗುಂಪುಗಳು 1001. 11-12-13-14ರ ಗುಂಪನ್ನು ಯಾರಿಗೂ ಕೊಡದೆ ಬಿಟ್ಟು (ಅದು ಬಂದರೆ ಮತ್ತೆ ಎತ್ತುತ್ತಾರೆ) ಉಳಿದ 1000ವನ್ನು ಪ್ಲೇಆಫ್‌ಗೆ ಹೋಗದ 14 ತಂಡಗಳಿಗೆ ಹಂಚುತ್ತಾರೆ.

2019ರಲ್ಲಿ ಬಂದ ಹಂಚಿಕೆಯಲ್ಲಿ ಕೊನೆಯ ಮೂರೂ ತಂಡಗಳಿಗೆ ತಲಾ 140 ಗುಂಪು, ಅಂದರೆ ಶೇ. 14. ಅದಕ್ಕೂ ಮೊದಲು ತೀರಾ ಕೊನೆಯವರಿಗೆ ಶೇ. 25 ಇತ್ತು, ಬೇಕೆಂದೇ ಸೋಲುವವರು ಹೆಚ್ಚಾದ್ದರಿಂದ ಇಳಿಸಿದರು. ಚೆಂಡಿನಿಂದ ತೀರ್ಮಾನವಾಗುವುದು ಮೊದಲ ನಾಲ್ಕು ಪಿಕ್ ಮಾತ್ರ, ಆಮೇಲೆ ಸೋಲಿನ ಕ್ರಮ. ಹಾಗಾಗಿ ಕೊನೆಯ ಸ್ಥಾನದವರು ಐದಕ್ಕಿಂತ ಕೆಳಗೆ ಹೋಗುವುದಿಲ್ಲ, ಆದರೆ ಆ ಐದೇ ಸಿಗುವ ಸಾಧ್ಯತೆ ಶೇ. 47.9. ಡಲ್ಲಾಸ್ ಕೈಯಲ್ಲಿದ್ದದ್ದು ಶೇ. 1.8, ಅದು ಹೊಡೆಯಿತು. 2014ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಶೇ. 1.7ರಲ್ಲೇ ಮೊದಲ ಪಿಕ್ ಬಂದಿತ್ತು. ತಂಡದ ಯೋಜನೆ ಮಾಡುವವರು "ಮೊದಲ ಪಿಕ್ ಬರುತ್ತದೆ" ಎಂದು ಸೀಸನ್ ಇಡೀ ಸೋತರೆ ಅರ್ಧದಷ್ಟು ಸಲ ಐದನೆಯದನ್ನು ಹಿಡಿದುಕೊಂಡು ಮನೆಗೆ ಹೋಗಬೇಕಾಗುತ್ತದೆ.

ತಂಡದಲ್ಲಿ ಯಾವ ಸ್ಥಾನ ಖಾಲಿ ಉಂಟೋ ಅದಕ್ಕೆ ಆರಿಸಬೇಕೋ, ಇದ್ದವರಲ್ಲಿ ಒಳ್ಳೆಯವನನ್ನೋ?
— ಕಾಲೇಜು ತಂಡದ ನಾಯಕ, ಕುಂದಾಪುರ

ಮೊದಲ ಐದರೊಳಗೆ ಒಳ್ಳೆಯವನನ್ನೇ. 1984ರಲ್ಲಿ ಎರಡನೇ ಪಿಕ್ ಇದ್ದ ಪೋರ್ಟ್‌ಲ್ಯಾಂಡ್‌ನಲ್ಲಿ ಕ್ಲೈಡ್ ಡ್ರೆಕ್ಸ್‌ಲರ್ ಆಗಲೇ ಇದ್ದ, ಅದೇ ಸ್ಥಾನಕ್ಕೆ ಮತ್ತೊಬ್ಬ ಯಾಕೆಂದು ಎತ್ತರದ ಸ್ಯಾಮ್ ಬೋವಿಯನ್ನು ಆರಿಸಿದರು. ಕಾಲಿನ ಮೂಳೆ ಮುರಿದು ಬೋವಿ ಕಾಲೇಜಿನಲ್ಲೇ ಎರಡು ಸೀಸನ್ ಕಳೆದುಕೊಂಡಿದ್ದ. ಮೂರನೇ ಪಿಕ್‌ನಲ್ಲಿ ಶಿಕಾಗೊಗೆ ಮೈಕೆಲ್ ಜೋರ್ಡನ್ ಸಿಕ್ಕಿದ. ಅಲ್ಲಿ ತಪ್ಪು ಎರಡು: ಸ್ಥಾನ ನೋಡಿದ್ದು, ಕಾಲಿನ ಹಳೆಯ ಗಾಯಕ್ಕೆ ಬೆಲೆ ಕೊಡದೇ ಇದ್ದದ್ದು. ಎರಡನೆಯದೇ ದೊಡ್ಡದು ಎನ್ನುವುದು ನಮ್ಮ ಅಭಿಪ್ರಾಯ. ಅದೇ ಪೋರ್ಟ್‌ಲ್ಯಾಂಡ್ 2007ರಲ್ಲಿ ಮೊದಲ ಪಿಕ್‌ನಲ್ಲಿ ಗ್ರೆಗ್ ಓಡನ್‌ನನ್ನು ಆರಿಸಿ ಕೆವಿನ್ ಡ್ಯುರಾಂಟ್‌ನನ್ನು ಬಿಟ್ಟಿತು. ಓಡನ್‌ಗೆ ಮೊದಲ ಸೀಸನ್‌ಗೂ ಮುಂಚೆ ಮಂಡಿಯ ಶಸ್ತ್ರಚಿಕಿತ್ಸೆ. ಎನ್‌ಬಿಎಯಲ್ಲಿ ಒಟ್ಟು ಆಡಿದ್ದು 105 ಪಂದ್ಯ. ಏಳಡಿ ಎತ್ತರದ, ಭಾರದ ಮೈಯವರಲ್ಲಿ ಮಂಡಿ ಮತ್ತು ಪಾದದ ವರದಿಯನ್ನು ಅಂಕಗಳ ಪಟ್ಟಿಗಿಂತ ಮೊದಲು ಓದಬೇಕು.

ಒಂದೇ ಸ್ಥಾನಕ್ಕೆ ಇಬ್ಬರಾದರೆ ಏನು ಗತಿ? ಗಾರ್ಡ್‌ಗಳಾದರೆ ಹೆದರಬೇಡಿ. ಚೆಂಡು ನಡೆಸುವ ಇಬ್ಬರು ಒಟ್ಟಿಗೆ ಆಡಬಹುದು, ಒಬ್ಬ ಬಿಟ್ಟ ಹೊತ್ತಿನಲ್ಲಿ ಇನ್ನೊಬ್ಬ ನಡೆಸುತ್ತಾನೆ. 2025ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಡಿಆರನ್ ಫಾಕ್ಸ್, ಸ್ಟೀಫನ್ ಕ್ಯಾಸಲ್ ಇಬ್ಬರು ಗಾರ್ಡ್‌ಗಳಿದ್ದರೂ ಎರಡನೇ ಪಿಕ್‌ನಲ್ಲಿ ಡಿಲನ್ ಹಾರ್ಪರ್ ಎಂಬ ಮೂರನೇ ಗಾರ್ಡ್‌ನನ್ನೇ ಆರಿಸಿದರು. ಬುಟ್ಟಿಯ ಕೆಳಗೆ ಮಾತ್ರ ಆಡಬಲ್ಲ ಇಬ್ಬರು ಸೆಂಟರ್‌ಗಳಾದರೆ ಕಷ್ಟ, ಇಬ್ಬರೂ ಅದೇ ಜಾಗಕ್ಕೆ ನುಗ್ಗುತ್ತಾರೆ.

ಗಾರ್ಡ್ ಎಂದು ಎರಡೆರಡು ಪಿಕ್ ಹಾಕಿಯೂ ತಪ್ಪಬಹುದು. 2009ರಲ್ಲಿ ಮಿನೆಸೋಟ 5 ಮತ್ತು 6ನೇ ಪಿಕ್ ಎರಡರಲ್ಲೂ ಪಾಯಿಂಟ್ ಗಾರ್ಡ್ ಆರಿಸಿತು: ರಿಕಿ ರುಬಿಯೊ, ಜಾನಿ ಫ್ಲಿನ್. ರುಬಿಯೊ ಸ್ಪೇನ್ ಬಿಟ್ಟು ಬಂದದ್ದೇ 2011ರಲ್ಲಿ. ಏಳನೇ ಪಿಕ್‌ನಲ್ಲಿ ಗೋಲ್ಡನ್ ಸ್ಟೇಟ್ ಎತ್ತಿಕೊಂಡದ್ದು ಮುಂದೆ ದಿಗ್ಗಜನಾದ ಗಾರ್ಡ್ ಸ್ಟೀಫನ್ ಕರಿಯನ್ನು.

"ಟಾಪ್-5 ಪ್ರೊಟೆಕ್ಟೆಡ್", "ಸ್ವಾಪ್" ಅಂತೆಲ್ಲ ಓದುತ್ತೇವೆ. ಸರಳವಾಗಿ ಹೇಳುತ್ತೀರಾ?
— ಓದುಗರು, ಮಣಿಪಾಲ

ಮುಂದಿನ ವರ್ಷದ ಪಿಕ್ಕನ್ನು ಈಗಲೇ ಕೊಡುವಾಗ ಅದು ಎಷ್ಟನೆಯದಾಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. "ಟಾಪ್-5 ಪ್ರೊಟೆಕ್ಟೆಡ್" ಎಂದರೆ 1ರಿಂದ 5ರೊಳಗೆ ಬಂದರೆ ನನಗೇ, 6 ಅಥವಾ ಅದಕ್ಕಿಂತ ಕೆಳಗೆ ಬಂದರೆ ನಿಮಗೆ. ಡೊಂಚಿಚ್‌ಗಾಗಿ ಡಲ್ಲಾಸ್ ಕೊಟ್ಟ 2019ರ ಪಿಕ್ ಇಂಥದ್ದು. ಅದು 10ನೆಯದಾಗಿ ಅಟ್ಲಾಂಟಾಕ್ಕೆ ಹೋಯಿತು. "ಸ್ವಾಪ್" ಎಂದರೆ ಪಿಕ್ ಕೊಡುವುದಲ್ಲ: ಆ ವರ್ಷ ನಿಮ್ಮದು ನನ್ನದಕ್ಕಿಂತ ಮೇಲಿದ್ದರೆ ಅದಲು ಬದಲು ಮಾಡಿಕೊಳ್ಳುವ ಹಕ್ಕು ನನಗೆ.

ಸ್ವಾಪ್ ಕೇಳಲು ಹಗುರ, ಬಿದ್ದಾಗ ಭಾರ. 2013ರಲ್ಲಿ ಬ್ರೂಕ್ಲಿನ್, ಕೆವಿನ್ ಗಾರ್ನೆಟ್ ಮತ್ತು ಪಾಲ್ ಪಿಯರ್ಸ್‌ಗಾಗಿ 2014, 2016, 2018ರ ಮೊದಲ ಸುತ್ತಿನ ಪಿಕ್‌ಗಳನ್ನೂ 2017ರ ಸ್ವಾಪ್ ಹಕ್ಕನ್ನೂ ಬಾಸ್ಟನ್‌ಗೆ ಬರೆದುಕೊಟ್ಟಿತು. ರಕ್ಷಣೆ ಯಾವುದಕ್ಕೂ ಇರಲಿಲ್ಲ. 2016ರದ್ದು ಮೂರನೆಯದಾಗಿ ಜೇಲನ್ ಬ್ರೌನ್ ಬಂದ, 2017ರ ಸ್ವಾಪ್‌ನಲ್ಲಿ ಬಂದದ್ದೇ ಮೇಲೆ ಹೇಳಿದ ಆ ಮೊದಲ ಪಿಕ್. ವಯಸ್ಸಾದವರನ್ನು ಕೊಳ್ಳುವ ತಂಡ ಮೂರು ನಾಲ್ಕು ವರ್ಷದ ಬಳಿಕ ಕೆಳಗೆ ಬೀಳುವುದು ಖಂಡಿತ. ಪಿಕ್ ಕೈಬಿಡುವುದೂ ಆ ವರ್ಷಗಳದ್ದೇ.

ಒಂದೆರಡು ಬೇಲಿಗಳಿವೆ. ಏಳು ವರ್ಷಕ್ಕಿಂತ ಆಚೆಯ ಪಿಕ್ ಮಾರುವಂತಿಲ್ಲ. ಮುಂದಿನ ಎರಡು ವರ್ಷ ಸತತವಾಗಿ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಮಾಡಿಕೊಳ್ಳುವಂತಿಲ್ಲ. ಇದು ಸ್ಟೆಪಿಯನ್ ನಿಯಮ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಮಾಲೀಕ ಟೆಡ್ ಸ್ಟೆಪಿಯನ್ ವರ್ಷ ವರ್ಷವೂ ಪಿಕ್ ಮಾರಿ ತಂಡವನ್ನು ಬರಿದು ಮಾಡಿದ್ದರಿಂದ ಅವನ ಹೆಸರೇ ಉಳಿಯಿತು. ನಿಯಮ ಮುಂದಿನ ವರ್ಷಗಳಿಗೆ ಮಾತ್ರ. ಹಾಗಾಗಿ ತಂಡಗಳು ಈ ವರ್ಷದ ಸರದಿಯಲ್ಲಿ ಹುಡುಗನನ್ನು ಆರಿಸಿ, ಆಮೇಲೆ ಅವನ ಹಕ್ಕನ್ನು ಟ್ರೇಡ್ ಮಾಡಿ ನುಸುಳಿಕೊಳ್ಳುತ್ತವೆ.

ನಮ್ಮ ಹಳೆ ವಿದ್ಯಾರ್ಥಿಗಳ ಲೀಗಿನಲ್ಲಿ 6 ತಂಡ, 48 ಆಟಗಾರರು. ಏಲಂ ಮಾಡಿದರೆ ದುಡ್ಡಿದ್ದವನ ತಂಡವೇ ಗೆಲ್ಲುತ್ತದೆ ಮಾರಾಯ್ರೆ. ಡ್ರಾಫ್ಟ್ ಮಾಡುವುದು ಹೇಗೆ? ಮೊದಲ ಪಿಕ್ ಸಿಕ್ಕಿದವರು ಯಾರನ್ನು ತೆಗೆದುಕೊಳ್ಳಬೇಕು?
— ಸಂಘಟಕರು, ಅಂಬಲಪಾಡಿ, ಉಡುಪಿ

ಮಾಡಬಹುದು, ಒಂದೇ ಸಂಜೆಯ ಕೆಲಸ. ಸರದಿ ಹಾವಿನ ನಡೆಯಂತಿರಲಿ: ಮೊದಲ ಸುತ್ತಿನಲ್ಲಿ 1ರಿಂದ 6, ಎರಡನೆಯದರಲ್ಲಿ 6ರಿಂದ 1, ಮತ್ತೆ 1ರಿಂದ 6. ಆಗ ಮೊದಲನೆಯವರಿಗೆ 1, 12, 13, 24, 25, 36, 37, 48ನೇ ಪಿಕ್. ಕೊನೆಯವರಿಗೆ 6, 7, 18, 19, 30, 31, 42, 43. ಕೂಡಿಸಿ ನೋಡಿ, ಎರಡೂ 196. ಪ್ರತಿ ಸುತ್ತೂ 1ರಿಂದ 6 ಎಂದು ನೇರ ಹೋದರೆ ಮೊದಲನೆಯವರ ಮೊತ್ತ 176, ಕೊನೆಯವರದು 216; ಇಡೀ ಲೀಗು ಮೊದಲ ದಿನವೇ ವಾಲಿಬಿಡುತ್ತದೆ.

ಸರದಿ ತೀರ್ಮಾನಕ್ಕೆ ಹೌಸಿ ಆಟದ ನಂಬರ್ ಬಿಲ್ಲೆಗಳು ಸಾಕು. ಕಳೆದ ವರ್ಷ ಕೊನೆಗೆ ಬಂದವರಿಗೆ 6 ಬಿಲ್ಲೆ, ಅವರ ಮೇಲಿನವರಿಗೆ 5, ಹೀಗೆ ಗೆದ್ದವರಿಗೆ 1, ಒಟ್ಟು 21. ಯಾವ ನಂಬರ್ ಯಾರದ್ದೆಂದು ಮೊದಲೇ ಬರೆದು ಗೋಡೆಗೆ ಅಂಟಿಸಿ. ಬಟ್ಟೆ ಚೀಲದಿಂದ ಒಂದನ್ನು ಎತ್ತಿ ಮೊದಲ ಪಿಕ್ ಕೊಡಿ, ಆ ತಂಡದ ಉಳಿದ ಬಿಲ್ಲೆ ತೆಗೆದಿಟ್ಟು ಇನ್ನೊಂದು ಎತ್ತಿ ಎರಡನೆಯದು. ಮೂರರಿಂದ ಆರು ಕಳೆದ ವರ್ಷದ ಸೋಲಿನ ಕ್ರಮದಲ್ಲಿ. ಕೊನೆಯವರಿಗೆ ಮೊದಲ ಪಿಕ್ ಬರುವ ಸಾಧ್ಯತೆ 21ರಲ್ಲಿ 6, ಎಷ್ಟೇ ಕೆಟ್ಟರೂ ಮೂರನೆಯದು ಸಿಗುತ್ತದೆ. ಕಾಗದದ ಚೀಟಿ ಬೇಡ. ಮಳೆಗಾಲದ ತೇವಕ್ಕೆ ಚೀಟಿಗಳು ಅಂಟಿಕೊಳ್ಳುತ್ತವೆ, ದಪ್ಪ ಮಡಚಿದ್ದು ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಜಗಳ.

ಜಗಳದ ದೊಡ್ಡ ಮೂಲ ಬೇರೆಯೇ ಇದೆ: ಆಡುವ ನಾಯಕ. ಊರಿನ ಅತ್ಯುತ್ತಮ ಆಟಗಾರನೇ ತಂಡದ ನಾಯಕನಾಗಿ ಪಟ್ಟಿಯ ಹೊರಗೆ ಉಳಿದು, ಮೇಲಿಂದ ಮೊದಲ ಪಿಕ್ಕೂ ಆ ತಂಡಕ್ಕೆ ಬಂದರೆ ಲೀಗು ಅಲ್ಲಿಗೇ ಮುಗಿಯಿತು. ಆರೂ ನಾಯಕರು ಸೇರಿ ಒಬ್ಬೊಬ್ಬ ನಾಯಕನಿಗೂ ಗುಟ್ಟಾಗಿ ಒಂದು ಸುತ್ತಿನ ಸಂಖ್ಯೆ ಬರೆಯಲಿ (ತನಗೆ ತಾನು ಬರೆಯುವುದು ಬೇಡ). ಬಂದ ಐದು ಸಂಖ್ಯೆಗಳ ನಡುವಿನದು ಅವನ ಸುತ್ತು. ಅದು 1 ಆದರೆ ಆ ತಂಡದ ಮೊದಲ ಸುತ್ತಿನ ಪಿಕ್ ನಾಯಕನಿಗೇ ಖರ್ಚಾಯಿತು.

ಆರಿಸುವ ಮೊದಲು 48 ಜನರನ್ನು ಚೆಂಡು ನಡೆಸುವವರು, ರೆಕ್ಕೆಯವರು (ಅಂಗಣದ ಬದಿಯಲ್ಲಿ ಆಡುವವರು), ಎತ್ತರದವರು ಎಂದು ಮೂರು ಹಾಳೆಯಲ್ಲಿ ಬರೆಯಿರಿ. ಆರಡಿ ಎರಡಿಂಚು ದಾಟಿದವರು ಏಳೆಂಟು ಜನ ಮಾತ್ರ ಇದ್ದರೆ, ಎಲ್ಲರಿಗೂ ಒಬ್ಬೊಬ್ಬ ಸಿಗುವ ತನಕ ಯಾರೂ ಎರಡನೆಯವನನ್ನು ಮುಟ್ಟಬಾರದು ಎಂಬ ನಿಯಮ ಹಾಕಿ. ಮೊದಲೆರಡು ಸುತ್ತಿಗೆ ತಲಾ 90 ಸೆಕೆಂಡು, ಆಮೇಲೆ 60. ಲೆಕ್ಕಕ್ಕೆ 54 ನಿಮಿಷ, ಚಹಾ ಸೇರಿ ಒಂದೂವರೆ ಗಂಟೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು "ಬರುತ್ತೇನೆ, ನೋಡುವ" ಅನ್ನುವವರನ್ನು ಬೇರೆ ಹಾಳೆಗೆ ಹಾಕಿ, ಕೊನೆಯ ಎರಡು ಸುತ್ತಿನಲ್ಲಿ ಮಾತ್ರ ಆರಿಸಲು ಬಿಡಿ. ಅದಲು ಬದಲಿಗೆ ಮೊದಲ ಪಂದ್ಯದ ಹಿಂದಿನ ರಾತ್ರಿವರೆಗೆ ಅವಕಾಶ ಇರಲಿ, ತಲೆಗೆ ತಲೆ, ಹಣ ಸೇರಿಸುವಂತಿಲ್ಲ.

ಮೊದಲ ಪಿಕ್ ಯಾರಿಗೆ? ಎಲ್ಲರ ಕಣ್ಣು ಎತ್ತರದವನ ಮೇಲೆ ಇರುತ್ತದೆ. ನಾವು ಚೆಂಡು ನಡೆಸುವವನನ್ನೇ ತೆಗೆದುಕೊಳ್ಳುತ್ತೇವೆ. ಹವ್ಯಾಸಿ ಪಂದ್ಯದಲ್ಲಿ ಅಂಕ ಸೋರುವುದು ಹೆಚ್ಚಾಗಿ ಅರ್ಧ ಅಂಗಣ ದಾಟುವ ಮೊದಲೇ ಚೆಂಡು ಕಳೆದುಕೊಳ್ಳುವುದರಿಂದ. ಇಬ್ಬರು ಮೈಮೇಲೆ ಬಿದ್ದರೂ ಎರಡೂ ಕೈಯಲ್ಲಿ ಡ್ರಿಬಲ್ ಮಾಡಿ ದಾಟುವವನು ಇಲ್ಲದಿದ್ದರೆ ಎತ್ತರದವನ ಕೈಗೆ ಚೆಂಡು ತಲುಪುವುದೇ ಇಲ್ಲ, ಅವನು ಬುಟ್ಟಿಯ ಕೆಳಗೆ ಕೈ ಎತ್ತಿ ನಿಂತಿರುತ್ತಾನೆ. ಡ್ರಾಫ್ಟಿಗೆ ಮುಂಚೆ ಒಂದು ಸಂಜೆ ಎಲ್ಲರನ್ನೂ ಕರೆದು ನೋಡಿ: ಎಡಗೈಯಲ್ಲೇ ಅಂಗಣದ ಆ ತುದಿಗೆ ಹೋಗಿ ಲೇಅಪ್ ಹಾಕಿ ಬಲಗೈಯಲ್ಲಿ ಮರಳಲಿ. ಕಣ್ಣು ಚೆಂಡಿನ ಮೇಲೆ ಇದೆಯೋ ಎದುರಿನವರ ಮೇಲೋ ಎನ್ನುವುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಕೆಳಗಿಳಿಯುವ ಆಟ ನಿಮ್ಮಲ್ಲೂ ಮಾಡಬಹುದು. 48 ಜನರಲ್ಲಿ ಎದ್ದು ಕಾಣುವವರು ಇಬ್ಬರೋ ಮೂವರೋ, ಹಾಗಾಗಿ 1ನೆಯದನ್ನು ಬಿಡಬೇಡಿ. 4ನೇ ಸರದಿಯವರು ಮಾತ್ರ 6ನೆಯವರೊಂದಿಗೆ ಮೊದಲೆರಡು ಸುತ್ತು ಬದಲಿಸಿಕೊಳ್ಳುವುದು ಒಳ್ಳೆಯದು. 4 ಮತ್ತು 9 ಹೋಗಿ 6 ಮತ್ತು 7 ಬರುತ್ತದೆ. ಚೆಂಡು ನಡೆಸುವವನನ್ನೂ ಎತ್ತರದವನನ್ನೂ ಒಟ್ಟಿಗೆ, ನಡುವೆ ಯಾರೂ ಕಸಿಯದಂತೆ ಎತ್ತಿಕೊಳ್ಳಬಹುದು.

ಒಳಾಂಗಣ ಕೆಲವೇ ಗಂಟೆ ಸಿಗುವುದಾದರೆ ಇದನ್ನೇ ಮೂರು ಮೂರರ ಆಟಕ್ಕೆ ಇಳಿಸಿ. ತಂಡಕ್ಕೆ 4 ಜನ, ಅರ್ಧ ಅಂಗಣ, 10 ನಿಮಿಷ ಅಥವಾ 21 ಅಂಕ, 12 ಸೆಕೆಂಡಿನ ಶಾಟ್ ಕ್ಲಾಕ್. 12 ತಂಡವಾಗುತ್ತದೆ, ಸುತ್ತು ನಾಲ್ಕೇ.

ನನಗೆ 17 ವರ್ಷ. ಭಾರತದಿಂದ ಡ್ರಾಫ್ಟ್ ಆಗಲು ಸಾಧ್ಯವೇ?
— ಪಿಯುಸಿ ವಿದ್ಯಾರ್ಥಿ, ಮೂಡುಬಿದಿರೆ

ನಿಯಮದಲ್ಲಿ ಅಡ್ಡಿಯಿಲ್ಲ. ಡ್ರಾಫ್ಟ್ ನಡೆಯುವ ವರ್ಷದಲ್ಲಿ 19 ತುಂಬಬೇಕು, ನಿಮ್ಮ ಕಡೆಯಿಂದ ಹೆಸರು ಸಲ್ಲಿಸಬೇಕು. ವಿದೇಶದ ಆಟಗಾರನಿಗೆ 22 ತುಂಬುವ ವರ್ಷ ಹೆಸರು ಕೊಡದಿದ್ದರೂ ಅರ್ಹತೆ ತಾನಾಗಿ ಬರುತ್ತದೆ. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ 52ನೇ ಪಿಕ್ ಆಗಿ ಡಲ್ಲಾಸ್‌ಗೆ ಆಯ್ಕೆಯಾದರು. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲಿಗರು. ಅವರ ಎತ್ತರ 7 ಅಡಿ 2 ಇಂಚು, ಲೂಧಿಯಾನದ ಅಕಾಡೆಮಿಯಿಂದ ಹದಿಹರೆಯದಲ್ಲೇ ಫ್ಲೋರಿಡಾಕ್ಕೆ ಹೋಗಿ ತಯಾರಾದವರು. ಎನ್‌ಬಿಎ ಪಂದ್ಯವೊಂದನ್ನೂ ಆಡಲು ಸಿಗಲಿಲ್ಲ. ಎರಡನೇ ಸುತ್ತಿನ ಪಿಕ್‌ಗೆ ಮೊದಲ ಸುತ್ತಿನವರ ಹಾಗೆ ಖಾತ್ರಿ ಕರಾರು ಇಲ್ಲ, ಅದೇ ವ್ಯತ್ಯಾಸ. ಈಗ ನಿಮ್ಮ ಕೈಲಿರುವುದು ರಾಜ್ಯ ಜೂನಿಯರ್ ಆಯ್ಕೆ, ಅಲ್ಲಿಂದ ರಾಷ್ಟ್ರೀಯ ಶಿಬಿರ. ಬುಟ್ಟಿಯಿಂದ ದೂರದ ಶಾಟ್ ಬಾರದೆ ಎತ್ತರ ಒಂದನ್ನೇ ನೆಚ್ಚಿಕೊಂಡು ಹೊರಗೆ ಹೋದರೆ ಅಲ್ಲಿ ಅಷ್ಟೇ ಎತ್ತರದವರು, ನಿಮಗಿಂತ ವೇಗದವರು ಸಾಲುಗಟ್ಟಿರುತ್ತಾರೆ.

ಡ್ರಾಫ್ಟ್ ನಮ್ಮಲ್ಲಿ ಎಷ್ಟು ಗಂಟೆಗೆ ನೋಡಬಹುದು?
— ಓದುಗರು, ಕದ್ರಿ

ಜೂನ್ ಕೊನೆಯ ವಾರ, ನ್ಯೂಯಾರ್ಕ್‌ನಲ್ಲಿ ರಾತ್ರಿ 8ಕ್ಕೆ ಶುರುವಾದರೆ ನಮಗೆ ಮರುದಿನ ಬೆಳಿಗ್ಗೆ 5.30. ಮೊದಲ ಸುತ್ತಿನಲ್ಲಿ ಪ್ರತಿ ತಂಡಕ್ಕೆ 5 ನಿಮಿಷ, ಆದ್ದರಿಂದ ಮೊದಲ ಐದು ಹೆಸರು 6 ಗಂಟೆ ಸುಮಾರಿಗೆ ಮುಗಿದಿರುತ್ತವೆ. 2024ರಿಂದ ಎರಡನೇ ಸುತ್ತನ್ನು ಮಾರನೇ ದಿನಕ್ಕೆ ಇಟ್ಟಿದ್ದಾರೆ.